ತಗ್ಗಿನಲ್ಲಿರುವ ಕಲ್ಲಿದ್ದಲಿನ ಭಟ್ಟಿಯಿಂದ ಬಣ್ಣದ ಕೊಪ್ಪರಿಗೆಗೆ ಕಾವು ಸಾಲುತ್ತಿಲ್ಲ: ಉಪಾಯವೇನು?

ಬೆಟಗೇರಿ ಬಣ್ಣದಮನೆ

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ಕೈಮಗ್ಗದ ನೇಕಾರರಿಗಾಗಿ ಹತ್ತಿ ಮತ್ತು ರೇಷ್ಮೆ ನೂಲಿನ ಲಡಿಗಳಿಗೆ ಬಣ್ಣ ಹಾಕಿಕೊಡುವ ಸಣ್ಣ ಬಣ್ಣದಮನೆ ನಮ್ಮದು. ತಂದೆಯವರ ಕಾಲದಲ್ಲಿ ಭಟ್ಟಿಗೆ ಕಟ್ಟಿಗೆ ಹಾಕುತ್ತಿದ್ದರು. ಒಣಗಿದ ಕಟ್ಟಿಗೆ ಬೇಕೆಂದಾಗ ಸಿಗದೆ ಕೆಲಸ ನಿಲ್ಲತೊಡಗಿದ್ದರಿಂದ ನಾವು ಕಲ್ಲಿದ್ದಲಿಗೆ ಬದಲಾಯಿಸಿಕೊಂಡಿದ್ದೇವೆ. ಅಂದಿನಿಂದ ನೀರು ಸರಿಯಾಗಿ ಕಾಯುತ್ತಿಲ್ಲ.

ಭಟ್ಟಿಯ ರಚನೆಯನ್ನು ವಿವರವಾಗಿ ಹೇಳುತ್ತೇನೆ. ಕೊಪ್ಪರಿಗೆಯ ಬಾಯಿ ಬಣ್ಣ ಹಾಕುವ ಕೋಣೆಯ ನೆಲಕ್ಕಿಂತ ಎರಡು ಅಡಿ ಮೇಲಿದೆ, ಅದರ ತಳ ಮಾತ್ರ ಕೆಳಗಿನ ನೆಲಮಾಳಿಗೆಯಲ್ಲಿದೆ. ಆ ನೆಲಮಾಳಿಗೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ್ದು. ಹಿತ್ತಲ ಕಡೆಯಿಂದ ಮೆಟ್ಟಿಲಿಳಿದು ಒಳಗೆ ಹೋಗಿ ಅಲ್ಲಿಂದಲೇ ಬೆಂಕಿ ಹಾಕಬೇಕು. ಹಿಂದೆ ಒಂದು ಕಿಟಕಿಯಿತ್ತು. ಪಕ್ಕದವರು ಮನೆ ಕಟ್ಟಿದಾಗ ಅದನ್ನು ಇಟ್ಟಂಗಿಯಿಂದ ಮುಚ್ಚಬೇಕಾಯಿತು. ಹೊಗೆ ಹೋಗಲೆಂದು ಗೋಡೆಯ ಮೇಲ್ಭಾಗದಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದೇವೆ. ಚಿಮಣಿ 6 ಅಂಗುಲದ ಕಬ್ಬಿಣದ ಕೊಳವೆ, ಎತ್ತರ 12 ಅಡಿ. ಕೊಪ್ಪರಿಗೆಯಲ್ಲಿ 200 ಲೀಟರ್ ನೀರು ಹಿಡಿಯುತ್ತದೆ.

ಮೂರು ಗಂಟೆಯಲ್ಲಿ ಸುಮಾರು 20 ಕಿಲೋ ಕಲ್ಲಿದ್ದಲು ಸುಟ್ಟರೂ ನೀರು 75 ಡಿಗ್ರಿ ದಾಟುವುದಿಲ್ಲ. ರೇಷ್ಮೆಯ ಅಂಟು ತೆಗೆಯುವುದಕ್ಕೂ ಕೆಲವು ಬಣ್ಣಗಳಿಗೂ 90 ಡಿಗ್ರಿ ಬೇಕೇ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಸೋದರಳಿಯನ ಮನೆಯ ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ಒಲೆಯಿದೆ. ಕಲ್ಲಿದ್ದಲನ್ನು ದಪ್ಪವಾಗಿ ತುಂಬಿಬಿಟ್ಟರೆ ಹತ್ತು-ಹನ್ನೆರಡು ಗಂಟೆ ಮನೆಯೆಲ್ಲ ಬೆಚ್ಚಗಿರುತ್ತದೆಂದು ಅವನು ಹೇಳಿದ್ದರಿಂದ, ನಾವೂ ಒಂದು ಅಡಿಯಷ್ಟು ದಪ್ಪಗೆ ತುಂಬಿ ನೋಡಿದೆವು. ಅದರಿಂದ ಕಾವು ಇನ್ನೂ ಇಳಿಯಿತು. ಬೆಂಕಿ ನೋಡಿಕೊಳ್ಳುವ ನಮ್ಮ ಸಹಾಯಕನಿಗೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಬರುತ್ತದೆ. ಕಣ್ಣಿಗೆ ಕಾಣುವಂಥ ಹೊಗೆ ಆಗ ಹೆಚ್ಚೇನೂ ಇರುವುದಿಲ್ಲ.

ಬಲ್ಲವರು ದಯವಿಟ್ಟು ತಿಳಿಸಿ. ಭಟ್ಟಿಯನ್ನು ಪೂರ್ತಿ ಒಡೆದು ಕಟ್ಟುವಷ್ಟು ಹಣ ಸದ್ಯಕ್ಕೆ ಇಲ್ಲ.

ಹುಬ್ಬಳ್ಳಿ ಲೋಕೋಶೆಡ್ (ನಿವೃತ್ತ)

ನಮಸ್ಕಾರ. ಕಾವಿನ ಮಾತನ್ನು ಆಮೇಲೆ ಆಡೋಣ, ಮೊದಲು ನಿಮ್ಮ ಸಹಾಯಕನ ತಲೆನೋವಿನ ವಿಷಯ. ದಯವಿಟ್ಟು ಇವತ್ತಿನಿಂದಲೇ ಆ ನೆಲಮಾಳಿಗೆಯ ಬಾಗಿಲನ್ನು ಬೆಂಕಿ ಇರುವಷ್ಟು ಹೊತ್ತೂ ಪೂರ್ತಿ ತೆರೆದಿಡಿ, ಮತ್ತು ಅವನು ಬೆಂಕಿ ಸರಿಪಡಿಸಿದ ಕೂಡಲೇ ಮೇಲೆ ಬಂದು ಕೂರುವಂತೆ ಮಾಡಿ. ಗಾಳಿ ಸಾಲದೆ ಉರಿಯುವ ಕಲ್ಲಿದ್ದಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕೊನೆಗೆ ಎಚ್ಚರ ತಪ್ಪುವುದು, ಹೀಗೆ ಒಂದರ ಹಿಂದೊಂದು ಬರುತ್ತವೆ. ಹೊಗೆ ಕಾಣುತ್ತಿಲ್ಲವೆಂಬುದು ಸಮಾಧಾನದ ಮಾತಲ್ಲ. ಹೊಗೆಯೆಲ್ಲ ಹೋಗಿ ಕೆಂಡ ಬೂದಿ ಹೊದ್ದು ಮಲಗಿರುವ ಹೊತ್ತಿನಲ್ಲೇ ಈ ಅನಿಲ ಹೆಚ್ಚಾಗಿ ಬರುವುದುಂಟು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡರೆ, ಕೋಣೆಯಲ್ಲಿ ಬಕೆಟ್ ನೀರಿಟ್ಟರೆ ಇದು ತಡೆಯುವುದಿಲ್ಲ. ಇದನ್ನು ಪತ್ತೆ ಹಚ್ಚಿ ಕೂಗುವ ಸಣ್ಣ ಅಲಾರಂ ಉಪಕರಣ ಸಿಗುತ್ತದೆ, ಒಂದನ್ನು ತಂದು ಗೋಡೆಗೆ ಹಾಕಿ. ಭಟ್ಟಿಯ ಬೇರೆ ಯಾವ ಖರ್ಚಿಗಿಂತಲೂ ಮೊದಲಿನ ಖರ್ಚು ಅದಾಗಬೇಕು.

ಇನ್ನು ಕಾವಿನ ವಿಷಯ. ಹುಬ್ಬಳ್ಳಿ ದಕ್ಷಿಣ ಮಧ್ಯ ರೈಲ್ವೆಯಲ್ಲಿದ್ದ ಕಾಲದಲ್ಲಿ ನಾನು ಮೀಟರ್ ಗೇಜ್ ಉಗಿ ಎಂಜಿನ್‌ಗಳ ಮೇಲೆ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವನು. ನಿಮ್ಮ ಬರಹ ಓದಿದ ಮೇಲೆ ನನಗೆ ಅನಿಸುವುದೇನೆಂದರೆ, ನಿಮ್ಮ ಭಟ್ಟಿಗೆ ಕಲ್ಲಿದ್ದಲು ಕಡಿಮೆಯಾಗಿಲ್ಲ, ಗಾಳಿ ಕಡಿಮೆಯಾಗಿದೆ. ಕಟ್ಟಿಗೆಯ ಒಲೆಯಲ್ಲಿ ಕಟ್ಟಿಗೆ ನೆಲದ ಮೇಲೆಯೇ ಬಿದ್ದಿದ್ದರೂ ಮುಂದಿನ ಬಾಯಿಯಿಂದ ಬರುವ ಗಾಳಿಗೆ ಅದು ಉರಿಯುತ್ತದೆ. ಕಲ್ಲಿದ್ದಲು ಹಾಗಲ್ಲ. ಅದಕ್ಕೆ ಅಡಿಯಿಂದ ಗಾಳಿ ಬೇಕು, ಆ ಗಾಳಿ ಕೆಂಡದ ಹಾಸಿನ ನಡುವೆ ತೂರಿಕೊಂಡು ಮೇಲೇರಬೇಕು. ನಿಮ್ಮ ಭಟ್ಟಿಯಲ್ಲಿ ಕಬ್ಬಿಣದ ಜಾಲರಿ ಇದೆಯೇ, ಇದ್ದರೆ ಸರಳುಗಳ ನಡುವೆ ಎಷ್ಟು ಸಂದು ಇದೆ, ಅದರ ಕೆಳಗೆ ಬೂದಿಗುಂಡಿ ಎಷ್ಟು ಆಳವಿದೆ, ಬೂದಿಗುಂಡಿಗೆ ಪ್ರತ್ಯೇಕ ಬಾಯಿ ಇದೆಯೇ ಎಂಬುದನ್ನು ತಿಳಿಸಿ.

ನಿಮ್ಮ ಸೋದರಳಿಯ ಹೇಳಿದ್ದು ಅವರ ಊರಿನ ಮಟ್ಟಿಗೆ ಸರಿ. ಪೆನ್ಸಿಲ್ವೇನಿಯಾದ ಈಶಾನ್ಯ ಭಾಗದಲ್ಲಿ ಸಿಗುವುದು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು. ಅದರಲ್ಲಿ ಹೊಗೆಯಾಗಿ ಏಳುವ ಅಂಶ ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ, ಬೂದಿಯೂ ಕಡಿಮೆ. ಆದ್ದರಿಂದ ಅದನ್ನು ದಪ್ಪವಾಗಿ ತುಂಬಿ ನಿಧಾನವಾಗಿ ಉರಿಯಲು ಬಿಡುತ್ತಾರೆ. ನಮ್ಮಲ್ಲಿಗೆ ಬರುವುದು ಬಿಟುಮಿನಸ್ ಜಾತಿಯದು, ಅದರಲ್ಲಿ ಹೊಗೆಯ ಅಂಶ ಕಾಲು ಭಾಗದಷ್ಟಿರುತ್ತದೆ, ಬೂದಿ ಮೂರನೆಯ ಒಂದು ಭಾಗಕ್ಕೂ ಮೇಲೆ ಹೋಗುತ್ತದೆ. ಇದನ್ನು ಒಂದು ಅಡಿ ದಪ್ಪ ತುಂಬಿದರೆ ಅಡಿಯಲ್ಲಿ ಹುಟ್ಟಿದ ಕಾವು ಮೇಲಿನ ಹಸಿ ಕಲ್ಲಿದ್ದಲನ್ನು ಬೇಯಿಸುವುದರಲ್ಲೇ ಕಳೆದುಹೋಗುತ್ತದೆ. ಅದರಿಂದ ಏಳುವ ಅನಿಲಕ್ಕೆ ಉರಿಯಲು ಗಾಳಿ ಸಿಗದೆ ಮಸಿಯಾಗಿ ಕೊಪ್ಪರಿಗೆಯ ತಳಕ್ಕೆ ಮೆತ್ತಿಕೊಳ್ಳುತ್ತದೆ.

ಎಂಜಿನ್ ಮೇಲೆ ನಮಗೆ ಹಿರಿಯರು ಕಲಿಸಿದ್ದು ಸ್ವಲ್ಪ ಸ್ವಲ್ಪವಾಗಿ, ಆಗಾಗ ಹಾಕಬೇಕೆಂದು. ಕೆಂಡದ ಹಾಸು ನಾಲ್ಕೈದು ಅಂಗುಲ ಇದ್ದರೆ ನಿಮ್ಮಂಥ ಭಟ್ಟಿಗೆ ಸಾಕು. ಒಂದೊಂದು ಸಲಿಕೆ ಹಾಕುವಾಗ ಕೆಂಡ ಬೆಳ್ಳಗೆ ಉರಿಯುತ್ತಿರುವ ಜಾಗದ ಮೇಲೆಯೇ ತೆಳುವಾಗಿ ಹರಡಿ. ಹಾಕಿದ ಮೇಲೆ ಬೆಂಕಿಯ ಬಾಗಿಲನ್ನು ಪೂರ್ತಿ ಮುಚ್ಚದೆ, ಎರಡು ಬೆರಳಿನಷ್ಟು ಸಂದು ಬಿಟ್ಟು, ಕಪ್ಪು ಹೊಗೆ ತೆಳುವಾಗುವವರೆಗೆ ಕಾಯಿರಿ. ಹಸಿ ಕಲ್ಲಿದ್ದಲಿನಿಂದ ಆಗ ಏಳುವ ಅನಿಲಕ್ಕೆ ಮೇಲಿನಿಂದ ಗಾಳಿ ಬೇಕಾಗುತ್ತದೆ. ಅದು ಅಲ್ಲೇ ಹೊತ್ತಿ ಉರಿದರೆ ಆ ಕಾವೂ ನಿಮ್ಮ ನೀರಿಗೇ ಸೇರುತ್ತದೆ. ಹೊಗೆ ತೆಳುವಾದ ಮೇಲೂ ಬಾಗಿಲು ತೆರೆದೇ ಇದ್ದರೆ ತಣ್ಣನೆಯ ಗಾಳಿ ನುಗ್ಗಿ ತಳವನ್ನು ತಣಿಸುತ್ತದೆ, ಆದ್ದರಿಂದ ಆಗ ಮುಚ್ಚಬೇಕು.

ಬೆಟಗೇರಿ ಬಣ್ಣದಮನೆ

ಹಿರಿಯರೇ, ತುಂಬಾ ಉಪಕಾರವಾಯಿತು. ಬಾಗಿಲನ್ನು ಇಂದಿನಿಂದಲೇ ತೆರೆದಿಟ್ಟಿದ್ದೇವೆ. ಅಲಾರಂ ಉಪಕರಣವನ್ನು ಹುಬ್ಬಳ್ಳಿಯಿಂದ ತರಿಸಲು ಹೇಳಿದ್ದೇನೆ. ಜಾಲರಿ ಎಂದು ನಾವು ಹಾಕಿರುವುದು ಕಟ್ಟಡಕ್ಕೆ ಬಳಸುವ ಕಬ್ಬಿಣದ ಸರಳುಗಳು. ಸಂದು ಕಾಲು ಅಂಗುಲವೂ ಇಲ್ಲ, ಅವು ಕಾವಿಗೆ ಬಾಗಿ ಒಂದಕ್ಕೊಂದು ತಾಗಿವೆ. ಬೂದಿಗುಂಡಿ ನಾಲ್ಕು ಅಂಗುಲ ಆಳವಿದೆ, ಅದಕ್ಕೆ ಪ್ರತ್ಯೇಕ ಬಾಯಿಯಿಲ್ಲ. ಹೊಸ ಮನೆಯ ಪ್ಯಾರಾಪೆಟ್ ಗೋಡೆ ನಮ್ಮ ಚಿಮಣಿಯ ತುದಿಗಿಂತ ಎತ್ತರವಾಗಿದೆ, ಅದೂ ಐದಾರು ಅಡಿ ದೂರದಲ್ಲೇ ಇದೆ.

ರಾಣೆಬೆನ್ನೂರು ಕುಲುಮೆ

ನಮಸ್ಕಾರ ಅಣ್ಣಾವ್ರೇ. ಕುಂಟೆ, ಕುಡ, ಕುಡುಗೋಲು ಮಾಡುವ ಕುಲುಮೆ ನಮ್ಮದು. ದಿನವೆಲ್ಲ ಕಲ್ಲಿದ್ದಲಿನ ಜೊತೆಗೇ ಇರುವವರಾದ್ದರಿಂದ ಎರಡು ಮಾತು ಹೇಳುತ್ತೇನೆ.

ಮೊದಲು ಕಲ್ಲಿದ್ದಲನ್ನು ಆರಿಸಿಕೊಳ್ಳುವುದನ್ನು ರೂಢಿಸಿಕೊಳ್ಳಿ. ಕೈಗೆತ್ತಿಕೊಂಡಾಗ ಹಗುರವಾಗಿ, ಒಡೆದ ಮೈ ಮಿರಮಿರ ಹೊಳೆಯುತ್ತಿದ್ದರೆ ಅದು ಒಳ್ಳೆಯದು. ಮಬ್ಬಾಗಿ, ಪದರು ಪದರಾಗಿ, ಗಾತ್ರಕ್ಕೆ ಮೀರಿ ಭಾರವಾಗಿದ್ದರೆ ಅದರಲ್ಲಿ ಕಲ್ಲೇ ಹೆಚ್ಚು. ಅದನ್ನು ಬೆಂಕಿಗೆ ಹಾಕಿದರೆ ಬೆಂಕಿಯ ಕಾವನ್ನೇ ಅದು ಕುಡಿಯುತ್ತದೆ. ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡಿ. ಲಿಂಬೆಹಣ್ಣಿನ ಗಾತ್ರದಿಂದ ಹಿಡಿದು ಅದರ ಎರಡರಷ್ಟು ಗಾತ್ರದವರೆಗಿನ ಚೂರುಗಳನ್ನು ಮಾತ್ರ ಬಳಸಿದರೆ ಅವುಗಳ ನಡುವಿನಿಂದ ಗಾಳಿ ಆಡುತ್ತದೆ.

ಎರಡನೆಯದು ಕಿಟ್ಟ. ಬೆಂಕಿ ಮಂದವಾಯಿತೆಂದು ಮೇಲಿನಿಂದ ಸಲಾಕೆ ಹಾಕಿ ಕಲಕುವ ಅಭ್ಯಾಸ ಬಹಳ ಜನರಿಗಿದೆ. ಹಾಗೆ ಕಲಕಿದಾಗ ಕೆಳಗಿನ ಬೂದಿ ಮೇಲಿನ ಉರಿಯೊಳಗೆ ಸೇರಿ ಕರಗುತ್ತದೆ, ತಣಿದಾಗ ಗಾಜಿನಂಥ ಕಿಟ್ಟವಾಗಿ ಜಾಲರಿಗೆ ಅಂಟುತ್ತದೆ. ಒಮ್ಮೆ ಕಿಟ್ಟ ಹರಡಿತೆಂದರೆ ಆ ಜಾಗದಲ್ಲಿ ಗಾಳಿ ನಿಂತೇಹೋಯಿತು. ಬಗ್ಗಿದ ತುದಿಯ ತೆಳು ಸಲಾಕೆಯನ್ನು ಜಾಲರಿಯ ಕೆಳಗಿನಿಂದ ಸಂದುಗಳಲ್ಲಿ ಆಡಿಸಿ ಬೂದಿ ಉದುರಿಸಬೇಕು, ಮೇಲಿನ ಕೆಂಡವನ್ನು ಮುಟ್ಟಬಾರದು.

ಸರಳುಗಳನ್ನು ಎರಕ ಹೊಯ್ಯುವವರ ಹತ್ತಿರ ಎರಕದ ಕಬ್ಬಿಣದಲ್ಲಿ ಮಾಡಿಸಿಕೊಂಡರೆ ಬಾಗುವುದಿಲ್ಲ, ಸಂದು ಅರ್ಧ ಅಂಗುಲ ಇರಲಿ. ಇಷ್ಟರ ಮೇಲೂ ಕಾವು ಸಾಲದಿದ್ದರೆ ಜಾಲರಿಯ ಕೆಳಗೆ ಗಾಳಿ ಊದುವ ಒಂದು ಸಣ್ಣ ಬ್ಲೋವರ್ ಕೂರಿಸಿಬಿಡಿ. ನಾವು ತಿದಿ ಬಿಟ್ಟು ಬ್ಲೋವರ್ ಹಾಕಿದ ಮೇಲೆ ಕಬ್ಬಿಣ ಕಾಯುವುದಕ್ಕೆ ಹಿಡಿಯುವ ಹೊತ್ತು ಅರ್ಧಕ್ಕಿಳಿದಿದೆ.

ಹುಬ್ಬಳ್ಳಿ ಲೋಕೋಶೆಡ್ (ನಿವೃತ್ತ)

ಕುಲುಮೆಯವರು ಕಿಟ್ಟದ ಬಗ್ಗೆ ಹೇಳಿದ್ದು ಅಕ್ಷರಶಃ ಸತ್ಯ, ಅದನ್ನು ಎಲ್ಲರೂ ಪಾಲಿಸಬೇಕು. ಬ್ಲೋವರ್ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಕುಲುಮೆ ನಾಲ್ಕೂ ಕಡೆ ತೆರೆದ ಚಪ್ಪರದಲ್ಲಿರುತ್ತದೆ, ಇವರ ಭಟ್ಟಿ ನೆಲಮಾಳಿಗೆಯಲ್ಲಿದೆ. ಹೊಗೆಯನ್ನು ಮೇಲಕ್ಕೆಳೆಯುವ ಚಿಮಣಿಯ ಸೆಳೆತವೇ ಸರಿಯಿಲ್ಲದ ಕಡೆ ಕೆಳಗಿನಿಂದ ಗಾಳಿಯನ್ನು ನೂಕಿದರೆ ಭಟ್ಟಿಯ ಒಳಗೆ ಒತ್ತಡ ಹೆಚ್ಚಾಗಿ, ಬಾಗಿಲಿನ ಸಂದು, ಇಟ್ಟಂಗಿಯ ಬಿರುಕು, ಕೊಪ್ಪರಿಗೆಯ ಅಂಚು ಎಲ್ಲೆಲ್ಲಿ ದಾರಿಯಿದೆಯೋ ಅಲ್ಲೆಲ್ಲ ವಿಷದ ಅನಿಲ ಕೋಣೆಗೆ ಬರುತ್ತದೆ. ಉಗಿ ಎಂಜಿನ್‌ನಲ್ಲಿಯೂ ಬ್ಲೋವರ್ ಇತ್ತು. ಅದು ಚಿಮಣಿಯ ಬುಡದಲ್ಲಿ ಉಗಿಯನ್ನು ಮೇಲಕ್ಕೆ ಚಿಮ್ಮಿಸಿ ಬೆಂಕಿಯ ಮೂಲಕ ಗಾಳಿಯನ್ನು ಎಳೆಯುತ್ತಿತ್ತು, ಕೆಳಗಿನಿಂದ ನೂಕುತ್ತಿರಲಿಲ್ಲ. ಎಂಜಿನ್ ನಿಂತಾಗ ಅದನ್ನು ತೆರೆಯಲು ಮರೆತರೆ ಬೆಂಕಿಯ ನಾಲಿಗೆ ಬಾಗಿಲಿನಿಂದ ನಮ್ಮ ಮೇಲೆಯೇ ಹಾಯುತ್ತಿತ್ತು. ಆದ್ದರಿಂದ ಮೊದಲು ಚಿಮಣಿಯನ್ನು ಸರಿಪಡಿಸಿ. ಬ್ಲೋವರ್ ಬೇಕೇ ಬೇಡವೇ ಎಂಬುದನ್ನು ಆಮೇಲೆ ನೋಡಬಹುದು.

ನಿಮ್ಮ ಎಕ್ಸಾಸ್ಟ್ ಫ್ಯಾನ್ ಬಗ್ಗೆಯೂ ನನಗೆ ಬಲವಾದ ಸಂಶಯವಿದೆ. ಒಂದು ಪರೀಕ್ಷೆ ಮಾಡಿ ನೋಡಿ. ಬೆಂಕಿ ಹೊತ್ತಿದ ಮೇಲೆ ಹೊರಗಿನ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಉರಿಯುವ ಊದಿನಕಡ್ಡಿಯನ್ನು ಬೆಂಕಿ ಬಾಗಿಲಿನ ಸಂದಿಗೆ ಹಿಡಿಯಿರಿ. ಅದರ ಹೊಗೆ ಯಾವ ಕಡೆ ಹೋಗುತ್ತದೆಂಬುದನ್ನು ಗಮನಿಸಿ, ಫ್ಯಾನ್ ನಿಲ್ಲಿಸಿ ಮತ್ತೊಮ್ಮೆ ನೋಡಿ. ಪರೀಕ್ಷೆ ಮುಗಿದ ಕೂಡಲೇ ಬಾಗಿಲು ತೆರೆಯಿರಿ.

ಧಾರವಾಡ ಉಷ್ಣಶಾಸ್ತ್ರ

ಚರ್ಚೆ ಸರಿಯಾದ ದಾರಿಯಲ್ಲಿ ಸಾಗುತ್ತಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಉಷ್ಣಶಾಸ್ತ್ರ ಕಲಿಸುವವನಾಗಿ ಇದಕ್ಕೆ ಒಂದಿಷ್ಟು ಲೆಕ್ಕ ಸೇರಿಸುತ್ತೇನೆ. ಲೆಕ್ಕ ಹಾಕಿದರೆ ಹಣವನ್ನು ಎಲ್ಲಿ ಹಾಕಬೇಕೆಂಬುದು ಸ್ಪಷ್ಟವಾಗುತ್ತದೆ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಬೇಕು. ನಿಮ್ಮ 200 ಲೀಟರ್ ನೀರು 25ರಿಂದ 75 ಡಿಗ್ರಿಗೆ ಏರಲು ಬೇಕಾದದ್ದು 10,000 ಕಿಲೋಕ್ಯಾಲರಿ. ಭಾರತದಲ್ಲಿ ಕಲ್ಲಿದ್ದಲನ್ನು ಅದರ ಉಷ್ಣಮೌಲ್ಯಕ್ಕೆ ತಕ್ಕಂತೆ ಜಿ-1ರಿಂದ ಜಿ-17ರವರೆಗೆ ವರ್ಗೀಕರಿಸುತ್ತಾರೆ. ನಡುವಿನ ಜಿ-10 ದರ್ಜೆಯದಾದರೆ ಕಿಲೋಗೆ 4,300ರಿಂದ 4,600 ಕಿಲೋಕ್ಯಾಲರಿ ಇರುತ್ತದೆ. ನಿಮ್ಮದನ್ನು 4,400 ಎಂದು ಹಿಡಿದರೆ 20 ಕಿಲೋದಲ್ಲಿ 88,000 ಕಿಲೋಕ್ಯಾಲರಿ ಇದೆ. ಅಂದರೆ ನೀರಿಗೆ ಸೇರುತ್ತಿರುವುದು ನೂರರಲ್ಲಿ ಹನ್ನೊಂದು ಪಾಲು ಮಾತ್ರ, ಉಳಿದ ಎಂಬತ್ತೊಂಬತ್ತು ಪಾಲು ಹೊಗೆಯಲ್ಲಿ, ಗೋಡೆಯಲ್ಲಿ, ಬೂದಿಯಲ್ಲಿ ಉಳಿದ ಅರೆಬೆಂದ ಕಲ್ಲಿದ್ದಲಿನಲ್ಲಿ ಮತ್ತು ಮೇಲೆ ಏಳುವ ಹಬೆಯಲ್ಲಿ ಹೋಗುತ್ತಿದೆ. ಇದನ್ನು ನೂರಕ್ಕೆ ಇಪ್ಪತ್ತೈದಕ್ಕೆ ಏರಿಸುವುದು ಅಸಾಧ್ಯವೇನಲ್ಲ. ಹಾಗಾದರೆ 90 ಡಿಗ್ರಿಗೆ ಏರಿಸಲು ಬೇಕಾದ 13,000 ಕಿಲೋಕ್ಯಾಲರಿಗೆ ಸುಮಾರು 12 ಕಿಲೋ ಕಲ್ಲಿದ್ದಲು ಸಾಕಾಗುತ್ತದೆ. ಇದನ್ನು ಎರಡು ಗಂಟೆಯಲ್ಲಿ ಸುಡಬೇಕೆಂದರೆ ಗಂಟೆಗೆ 6 ಕಿಲೋ. ಸಹಜ ಸೆಳೆತದಲ್ಲಿ ಒಂದು ಚದರ ಅಡಿ ಜಾಲರಿಯ ಮೇಲೆ ಗಂಟೆಗೆ ಐದಾರು ಕಿಲೋ ಚೆನ್ನಾಗಿ ಉರಿಯುತ್ತದೆ. ಆದ್ದರಿಂದ ಜಾಲರಿ ಒಂದು ಚದರ ಅಡಿಗಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು, ತೀರಾ ದೊಡ್ಡದಾದರೆ ಖಾಲಿ ಬಿದ್ದ ಮೂಲೆಗಳಿಂದ ಗಾಳಿ ಸುಮ್ಮನೆ ನುಗ್ಗಿ ಬೆಂಕಿಯನ್ನು ತಣಿಸುತ್ತದೆ.

ಈಗ ಗಾಳಿಯ ಲೆಕ್ಕ. ಇಂಥ ಕಲ್ಲಿದ್ದಲು ಒಂದು ಕಿಲೋ ಉರಿಯಲು, ಕೈಯಿಂದ ಹಾಕುವ ಭಟ್ಟಿಯಲ್ಲಿ, ಸುಮಾರು 10 ಘನ ಮೀಟರ್ ಗಾಳಿ ಬೇಕಾಗುತ್ತದೆ. ಗಂಟೆಗೆ 6 ಕಿಲೋಗೆ 60 ಘನ ಮೀಟರ್. ನಿಮ್ಮ ನೆಲಮಾಳಿಗೆಯ ಇಡೀ ಗಾತ್ರವೇ ಹೆಚ್ಚುಕಡಿಮೆ 22 ಘನ ಮೀಟರ್. ಹಾಗಾದರೆ ಅಲ್ಲಿನ ಗಾಳಿಯಷ್ಟೂ ಅರ್ಧ ಗಂಟೆಯೊಳಗೆ ಭಟ್ಟಿಯ ಮೂಲಕ ಹಾದುಹೋಗಬೇಕು, ಅಷ್ಟೇ ಹೊಸ ಗಾಳಿ ಹೊರಗಿನಿಂದ ಬರಬೇಕು. ಕಿಟಕಿ ಮುಚ್ಚಿದ, ಬಾಗಿಲು ಹಾಕಿದ ಕೋಣೆಯಲ್ಲಿ ಅದು ಎಲ್ಲಿಂದ ಬಂದೀತು? ಬರುವ ದಾರಿ ಒಂದೇ ಉಳಿಯುತ್ತದೆ, ಅದು ಚಿಮಣಿ. ಎಕ್ಸಾಸ್ಟ್ ಫ್ಯಾನ್ ಗಂಟೆಗೆ ಹಲವು ನೂರು ಘನ ಮೀಟರ್ ಗಾಳಿಯನ್ನು ಹೊರಗೆ ತಳ್ಳುವ ಯಂತ್ರ. ಅದರ ಎದುರು 12 ಅಡಿ ಚಿಮಣಿಯ ಸೆಳೆತ ಬಹಳ ದುರ್ಬಲ. ಹೊಗೆ 200 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ ಇದ್ದಾಗ ಆ ಎತ್ತರದ ಚಿಮಣಿಯ ಸೆಳೆತ ಒಂದೂವರೆ ಮಿಲಿಮೀಟರ್ ಎತ್ತರದ ನೀರಿನ ಒತ್ತಡದಷ್ಟೇ ಇರುತ್ತದೆ. ಫ್ಯಾನ್ ಗೆದ್ದು ಚಿಮಣಿಯ ಹೊಗೆಯನ್ನೇ ಕೆಳಕ್ಕೆ ಎಳೆಯುವುದು ಸ್ವಾಭಾವಿಕ. ಲೋಕೋಶೆಡ್ ಹಿರಿಯರ ಸಂಶಯ ನೂರಕ್ಕೆ ನೂರು ಸರಿಯೆಂದು ನನ್ನ ನಂಬಿಕೆ.

ಚಿಮಣಿಯನ್ನು 20 ಅಡಿಗೆ ಏರಿಸಿದರೆ ಸೆಳೆತ ಎರಡೂವರೆ ಮಿಲಿಮೀಟರ್‌ಗೆ ಬರುತ್ತದೆ. 6 ಅಂಗುಲದ ಅಗಲ ನಿಮ್ಮ ಹೊಗೆಗೆ ಸಾಕು, ಅದನ್ನು ಬದಲಿಸಬೇಕಾಗಿಲ್ಲ. ತುದಿ ಮಾತ್ರ ಹತ್ತು ಅಡಿ ಸುತ್ತಿನೊಳಗಿರುವ ಯಾವುದೇ ಗೋಡೆ, ಮಾಳಿಗೆಗಿಂತ ಕನಿಷ್ಠ ಎರಡು ಅಡಿ ಮೇಲಿರಬೇಕು. ಈಗ ಪ್ಯಾರಾಪೆಟ್ ದಾಟಿ ಬರುವ ಗಾಳಿ ಸುಳಿಯಾಗಿ ನಿಮ್ಮ ಕೊಳವೆಯೊಳಗೆ ಇಳಿಯುತ್ತಿರಬೇಕು. ಮುಂಗಾರಿನ ಪಶ್ಚಿಮದ ಗಾಳಿ ಗದಗಿನಲ್ಲಿ ಎಷ್ಟು ಜೋರಾಗಿರುತ್ತದೆಂದು ನಿಮಗೇ ಗೊತ್ತು, ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದೇ ಆ ಗಾಳಿಗಾಗಿ. ಕೊಳವೆಯ ಹೊರಭಾಗಕ್ಕೆ ಗ್ಲಾಸ್ ವೂಲ್ ಸುತ್ತಿ ಮೇಲೆ ತಗಡು ಹೊದಿಸಿದರೆ ಹೊಗೆ ದಾರಿಯಲ್ಲಿ ತಣಿಯುವುದಿಲ್ಲ, ಸೆಳೆತ ಉಳಿಯುತ್ತದೆ.

ಮುಚ್ಚಿದ ಕಿಟಕಿಗೆ ಬದಲಾಗಿ, ಹಿತ್ತಲ ಗೋಡೆಯ ತಳಭಾಗದಲ್ಲಿ ಎಂಟು ಅಂಗುಲ ಚೌಕದ ಒಂದು ಕಿಂಡಿ ತೆಗೆದು, ಅಲ್ಲಿಂದ ನೇರವಾಗಿ ಬೂದಿಗುಂಡಿಯ ಬಾಯಿಯವರೆಗೆ ಇಟ್ಟಂಗಿಯ ಕಾಲುವೆ ಮಾಡಿ. ಕಿಂಡಿಗೆ ಇಲಿ ಹೊಗದಂತೆ ಅಗಲ ಕಣ್ಣಿನ ಜಾಲಿ ಹಾಕಿದರೆ ಸಾಕು. ಬೂದಿಗುಂಡಿಯನ್ನು ಕನಿಷ್ಠ ಒಂದು ಅಡಿ ಆಳ ಮಾಡಿ. ನೂರು ಕಿಲೋ ಸುಟ್ಟರೆ ಮೂವತ್ತೈದು ಕಿಲೋ ಬೂದಿ ಬೀಳುವ ಇಂಧನಕ್ಕೆ ನಾಲ್ಕು ಅಂಗುಲದ ಗುಂಡಿ ಬೆಳಗಿನ ಹೊತ್ತಿಗೇ ತುಂಬಿಹೋಗುತ್ತದೆ. ಗುಂಡಿ ತುಂಬಿದರೆ ಗಾಳಿಯೂ ನಿಲ್ಲುತ್ತದೆ, ಕೆಳಗಿನಿಂದ ತಂಪು ಸಿಗದೆ ಸರಳುಗಳೂ ಕರಗಿ ಬಾಗುತ್ತವೆ. ನಿಮ್ಮ ಸರಳುಗಳು ಬಾಗಿರುವುದಕ್ಕೆ ಇದೇ ಕಾರಣವಿರಬೇಕು.

ಗಜೇಂದ್ರಗಡ ನೂಲು

ನಮಸ್ಕಾರ ಅಣ್ಣನವರೇ. ನಾನೂ ಲಡಿಗಳಿಗೆ ಬಣ್ಣ ಹಾಕುವ ಮನೆಯವಳು. ಎಲ್ಲರೂ ಬೆಂಕಿಯ ಕಡೆಯಿಂದ ಹೇಳಿದ್ದಾರೆ, ನಾನು ಕೊಪ್ಪರಿಗೆಯ ಕಡೆಯಿಂದ ಹೇಳುತ್ತೇನೆ.

ನಿಮ್ಮ ಕೊಪ್ಪರಿಗೆಗೆ ಮುಚ್ಚಳವಿದೆಯೇ? ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಲಡಿಗಳನ್ನು ಕೋಲಿಗೆ ಹಾಕಿ ಇಳಿಬಿಟ್ಟು ತಿರುಗಿಸುತ್ತಿರಬೇಕಾದ್ದರಿಂದ ಬಹಳ ಜನ ಬಾಯಿಯನ್ನು ತೆರೆದೇ ಇಡುತ್ತಾರೆ. ನಮ್ಮಲ್ಲಿ ಎರಡು ಹೋಳಿನ ಮರದ ಮುಚ್ಚಳವಿದೆ, ಅಂಚಿನಲ್ಲಿ ಕೋಲು ಕೂರುವಷ್ಟು ಕಚ್ಚು ಹೊಡೆದಿದ್ದೇವೆ. ಮುಚ್ಚಳ ಹಾಕಿದಾಗ ನೀರು 80 ದಾಟಿ ಸಲೀಸಾಗಿ ಏರುತ್ತದೆ, ತೆಗೆದರೆ ಅಲ್ಲೇ ನಿಲ್ಲುತ್ತದೆ. ಧಾರವಾಡದ ಸರ್ ಇದಕ್ಕೂ ಲೆಕ್ಕ ಕೊಟ್ಟರೆ ಉಪಕಾರ.

ಇನ್ನೊಂದು ಮಾತು. ಎಲ್ಲ ಬಣ್ಣಕ್ಕೂ 90 ಡಿಗ್ರಿ ಬೇಕಾಗುವುದಿಲ್ಲ. ಹತ್ತಿಗೆ ಹಾಕುವ ವ್ಯಾಟ್ ಬಣ್ಣಗಳಲ್ಲಿ ಹೆಚ್ಚಿನವು 50-60 ಡಿಗ್ರಿಯಲ್ಲೇ ಹಿಡಿಯುತ್ತವೆ. ರಿಯಾಕ್ಟಿವ್ ಬಣ್ಣಗಳಲ್ಲಿ ಕೋಲ್ಡ್ ಬ್ರ್ಯಾಂಡ್ ಎಂಬುದು ಬೆಚ್ಚನೆಯ ನೀರಿಗೇ ಸಾಕು, ಹಾಟ್ ಬ್ರ್ಯಾಂಡ್‌ಗೆ ಮಾತ್ರ 80ರ ಹತ್ತಿರ ಬೇಕು. ಡೈರೆಕ್ಟ್ ಬಣ್ಣಕ್ಕೂ ರೇಷ್ಮೆಯ ಅಂಟು ತೆಗೆಯುವುದಕ್ಕೂ ನೀವು ಹೇಳಿದಂತೆ 90 ಬೇಕು. ಅಂಟು ತೆಗೆಯುವಾಗ ನೀರು ಕೊತಕೊತ ಕುದಿಯಬಾರದು, ಎಳೆಗಳು ಸಿಕ್ಕಾಗಿ ಮೈ ಕೆಡುತ್ತದೆ. ನಾವು ರೇಷ್ಮೆಯ ಕೆಲಸವನ್ನೆಲ್ಲ ಕೂಡಿಹಾಕಿ, ಭಟ್ಟಿ ಪೂರ್ತಿ ಕಾದ ಹೊತ್ತಿನಲ್ಲಿ ಒಂದೇ ಸಮನೆ ಮುಗಿಸುತ್ತೇವೆ. ಬೆಂಕಿ ಇಳಿಯತೊಡಗಿದಾಗ ಅದೇ ಕಾವಿನಲ್ಲಿ ವ್ಯಾಟ್ ಬಣ್ಣಗಳ ಕೆಲಸ ಆಗುತ್ತದೆ.

ಕಾವು ಏಕಾಏಕಿ ಏರುವಂತೆ ಮಾಡಿಕೊಳ್ಳಬೇಡಿ ಎಂದೂ ನನ್ನ ವಿನಂತಿ. ಬ್ಲೋವರ್ ಹಾಕಿದ ಒಬ್ಬರ ಮನೆಯಲ್ಲಿ ಬಣ್ಣ ಮಚ್ಚೆ ಮಚ್ಚೆಯಾಗಿ ಹಿಡಿದದ್ದನ್ನು ನೋಡಿದ್ದೇನೆ. ಬಣ್ಣ ಸಮವಾಗಿ ಇಳಿಯಬೇಕಾದರೆ ಕಾವು ನಿಧಾನವಾಗಿ, ಒಂದೇ ಹದದಲ್ಲಿ ಏರಬೇಕು. ನೇಕಾರರು ಮಗ್ಗದ ಮೇಲೆ ನೂಲು ಹಾಕಿ ಅರ್ಧ ಸೀರೆ ನೇಯ್ದ ಮೇಲೆ ಬಣ್ಣದ ವ್ಯತ್ಯಾಸ ಕಂಡರೆ ಅವರ ದುಡಿಮೆಯೇ ಹಾಳು.

ಕೊಪ್ಪರಿಗೆಯ ಒಳತಳವನ್ನೂ ಒಮ್ಮೆ ಕೈಯಾಡಿಸಿ ನೋಡಿ. ನಮ್ಮ ಭಾಗದ ಕೊಳವೆಬಾವಿಯ ನೀರು ಗಡುಸಾದ್ದರಿಂದ ತಳದಲ್ಲಿ ಬಿಳಿ ಸುಣ್ಣದ ಪೊರೆ ಕಟ್ಟಿಕೊಳ್ಳುತ್ತದೆ, ಅದು ಕಾವನ್ನೂ ತಡೆಯುತ್ತದೆ, ಬಣ್ಣವನ್ನೂ ಕೆಡಿಸುತ್ತದೆ. ಸಾಧ್ಯವಾದಷ್ಟು ಮಳೆನೀರನ್ನು ಬಳಸಿ.

ಧಾರವಾಡ ಉಷ್ಣಶಾಸ್ತ್ರ

ಅಕ್ಕನವರು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ. ಒಂದು ಲೀಟರ್ ನೀರು ಹಬೆಯಾಗಿ ಹೋದರೆ ತನ್ನೊಂದಿಗೆ ಸುಮಾರು 540 ಕಿಲೋಕ್ಯಾಲರಿ ಒಯ್ಯುತ್ತದೆ. ಅಷ್ಟು ಶಾಖದಲ್ಲಿ ಎಂಟು ಲೀಟರ್ ನೀರನ್ನು 25ರಿಂದ 90 ಡಿಗ್ರಿಗೆ ಏರಿಸಬಹುದಿತ್ತು. ನೀರು ಬಿಸಿಯಾದಂತೆಲ್ಲ ಹಬೆ ಏಳುವ ವೇಗವೂ ಹೆಚ್ಚುತ್ತದೆ. ತೆರೆದ ಕೊಪ್ಪರಿಗೆಯಲ್ಲಿ ಭಟ್ಟಿಯಿಂದ ಬರುವ ಶಾಖವೂ ಹಬೆಯಾಗಿ ಹೋಗುವ ಶಾಖವೂ ಒಂದು ಹಂತದಲ್ಲಿ ಸರಿಸಮವಾಗಿ, ನೀರು ಅದರಿಂದ ಮೇಲೆ ಏರುವುದೇ ಇಲ್ಲ. ನಿಮ್ಮ 75 ಡಿಗ್ರಿಯ ಗೋಡೆಯೂ ಅಂಥದ್ದೇ. ಬೆಂಕಿಯನ್ನು ಹೆಚ್ಚಿಸಿ ಆ ಗೋಡೆಯನ್ನು ದಾಟುವುದಕ್ಕಿಂತ ಮುಚ್ಚಳ ಹಾಕಿ ದಾಟುವುದು ಬಹಳ ಅಗ್ಗ.

ಮಾಳಿಗೆಯ ಮೇಲೆ ಜಾಗವಿದ್ದರೆ ಸೌರ ನೀರುಕಾಯಿಸುವ ಸಾಧನದಿಂದ 55 ಡಿಗ್ರಿಯ ನೀರನ್ನೇ ಕೊಪ್ಪರಿಗೆಗೆ ತುಂಬಿಕೊಳ್ಳಿ. ಆಗ ಬೆಂಕಿಯ ಪಾಲಿಗೆ ಉಳಿಯುವುದು 13,000ದಲ್ಲಿ 7,000 ಕಿಲೋಕ್ಯಾಲರಿ ಮಾತ್ರ. ಇದು ಮುಂದಿನ ವರ್ಷದ ಕೆಲಸವಾದರೂ ಚಿಂತೆಯಿಲ್ಲ.

ಭಟ್ಟಿಯನ್ನು ಒಡೆಯದೆ ಮಾಡಬಹುದಾದ ಇನ್ನೊಂದು ಕೆಲಸವಿದೆ. ಹೊಗೆ ಈಗ ಕೊಪ್ಪರಿಗೆಯ ತಳಕ್ಕೆ ತಾಗಿ ನೇರವಾಗಿ ಚಿಮಣಿಗೆ ಹೋಗುತ್ತಿದ್ದರೆ, ಕೊಪ್ಪರಿಗೆಯ ಸುತ್ತ ಎರಡು ಅಂಗುಲ ಸಂದು ಬಿಟ್ಟು ಇಟ್ಟಂಗಿ ಕಟ್ಟಿ, ಚಿಮಣಿಯ ಕಡೆ ಒಂದು ಅಡ್ಡಗೋಡೆ ಕೂರಿಸಿ. ಹೊಗೆ ಮೈಯ ಸುತ್ತಲೂ ಹಾಯ್ದು ಮುಂಭಾಗದಿಂದ ಹಿಂದಕ್ಕೆ ಬಂದು ಆಮೇಲೆ ಚಿಮಣಿ ಸೇರಲಿ. ಸಂದಿನಲ್ಲಿ ಮಸಿ ತೆಗೆಯಲು ಒಂದು ಇಟ್ಟಂಗಿಯನ್ನು ಗಚ್ಚು ಹಾಕದೆ ಸಡಿಲವಾಗಿ ಬಿಡಿ. ಜಾಲರಿಯಿಂದ ತಳಕ್ಕೆ ಹತ್ತು-ಹನ್ನೆರಡು ಅಂಗುಲ ಅಂತರವಿರಲಿ. ಕಟ್ಟಿಗೆಯ ಭಟ್ಟಿಯಲ್ಲಿ ಇದು ಇನ್ನೂ ಹೆಚ್ಚಿರುತ್ತದೆ, ಅಷ್ಟು ದೂರದಿಂದ ಕಲ್ಲಿದ್ದಲಿನ ಕೆಂಡದ ಕಾವು ತಳಕ್ಕೆ ಸರಿಯಾಗಿ ತಾಗುವುದಿಲ್ಲ.

ಬೆಟಗೇರಿ ಬಣ್ಣದಮನೆ

ಊದಿನಕಡ್ಡಿಯ ಪರೀಕ್ಷೆ ಮಾಡಿದೆ. ಫ್ಯಾನ್ ತಿರುಗುತ್ತಿದ್ದಾಗ ಹೊಗೆ ಭಟ್ಟಿಯೊಳಗಿನಿಂದ ಕೋಣೆಗೆ ಬಂದಿತು. ಫ್ಯಾನ್ ನಿಲ್ಲಿಸಿ ಬಾಗಿಲು ತೆರೆದಾಗ ಅದೇ ಹೊಗೆ ನಿಧಾನವಾಗಿ ಒಳಕ್ಕೆ ತಿರುಗಿತು. ಕಣ್ಣಾರೆ ಕಂಡ ಮೇಲೆ ಫ್ಯಾನನ್ನು ಬಿಚ್ಚಿಸಿ ಮೇಲಿನ ಬಣ್ಣದ ಕೋಣೆಗೆ ಹಾಕಿಸಿದ್ದೇನೆ. ತಳದಲ್ಲಿ ಕಿಂಡಿ ತೆಗೆಸಿ ಬೂದಿಗುಂಡಿಯನ್ನು ಆಳ ಮಾಡಿಸಿದೆವು, ಎರಕದ ಸರಳುಗಳು ಬಂದಿವೆ, ಮರದ ಮುಚ್ಚಳವೂ ಆಗಿದೆ. ಚಿಮಣಿಗೆ ಎಂಟು ಅಡಿ ಕೊಳವೆ ಜೋಡಿಸಿದ್ದೇವೆ. ಈಗ ನೀರು ಎರಡೂವರೆ ಗಂಟೆಯಲ್ಲಿ 90 ಮುಟ್ಟುತ್ತಿದೆ. ಕಲ್ಲಿದ್ದಲು 14 ಕಿಲೋದ ಒಳಗೇ ಮುಗಿಯುತ್ತಿದೆ. ಸಹಾಯಕನ ತಲೆನೋವು ನಿಂತಿದೆ, ಅವನ ಮನೆಯವರು ನಿಮಗೆಲ್ಲ ಕೃತಜ್ಞತೆ ಹೇಳಲು ತಿಳಿಸಿದ್ದಾರೆ. ಸುತ್ತಿನ ಇಟ್ಟಂಗಿಯ ಕೆಲಸ ದೀಪಾವಳಿಯ ನಂತರ ಮಾಡಿಸುತ್ತೇವೆ.

ಒಂದು ತೊಂದರೆ ಮಾತ್ರ ಉಳಿದಿದೆ. ಮಳೆಯಿರುವ ಮುಂಜಾನೆಗಳಲ್ಲಿ ಬೆಂಕಿ ಹೊತ್ತಿಸುವಾಗ ಮೊದಲ ಹತ್ತು ನಿಮಿಷ ಹೊಗೆಯೆಲ್ಲ ಒಳಕ್ಕೇ ಬರುತ್ತದೆ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ.

ಹುಬ್ಬಳ್ಳಿ ಲೋಕೋಶೆಡ್ (ನಿವೃತ್ತ)

ಬಹಳ ಸಂತೋಷವಾಯಿತು. ಮುಂಜಾನೆಯ ತೊಂದರೆಗೆ ಕಾರಣ ಚಿಮಣಿಯೊಳಗೆ ರಾತ್ರಿಯಿಡೀ ತುಂಬಿಕೊಂಡಿರುವ ತಣ್ಣನೆಯ ತೇವದ ಗಾಳಿ. ಅದು ಭಾರವಾಗಿರುವುದರಿಂದ ಹೊಸ ಬೆಂಕಿಯ ಸಣ್ಣ ಕಾವಿಗೆ ಮೇಲೇಳುವುದಿಲ್ಲ. ಚಿಮಣಿಯ ಬುಡದಲ್ಲಿ ಮಸಿ ತೆಗೆಯುವ ಒಂದು ಸಣ್ಣ ಬಾಗಿಲನ್ನು ಮಾಡಿಸಿ, ಭಟ್ಟಿಗೆ ಬೆಂಕಿ ಹಾಕುವ ಮೊದಲು ಅಲ್ಲಿ ಒಣಗಿದ ತೆಂಗಿನ ಗರಿಯನ್ನೋ ಎರಡು ಹಾಳೆ ಕಾಗದವನ್ನೋ ಉರಿಸಿ ಬಾಗಿಲು ಮುಚ್ಚಿ. ಕೊಳವೆ ಬೆಚ್ಚಗಾಗಿ ಸರ್ರೆಂದು ಗಾಳಿ ಎಳೆಯುವ ಸದ್ದು ಕೇಳಿಸುತ್ತದೆ. ಆಮೇಲೆ ಜಾಲರಿಯ ಮೇಲೆ ಒಣಕಟ್ಟಿಗೆಯ ಚಕ್ಕೆಗಳನ್ನು ಹೊತ್ತಿಸಿ, ಅವು ಚೆನ್ನಾಗಿ ಕೆಂಡವಾದ ಮೇಲಷ್ಟೇ ಮೊದಲ ಸಲಿಕೆ ಕಲ್ಲಿದ್ದಲು ಹಾಕಿ. ಚಿಮಣಿಗೆ ಕಾವು ತಡೆಯುವ ತಗಡಿನ ಕದ ಇದ್ದರೆ ಅದನ್ನು ರಾತ್ರಿ ಪೂರ್ತಿ ಮುಚ್ಚಬೇಡಿ. ಕೆಂಡ ಆರಿದಂತೆ ಕಂಡರೂ ಬೂದಿಯ ಅಡಿಯಲ್ಲಿ ಅದು ಬೆಳಗಿನವರೆಗೆ ಜೀವ ಹಿಡಿದಿರುತ್ತದೆ. ಆ ಕದದ ನಡುವೆ ಒಂದು ರಂಧ್ರವನ್ನೂ ಕೊರೆಸಿ.